ಸಿಎಂಸಿ 0.5% ಕಣ್ಣಿನ ಡ್ರಾಪ್ಸ್: ಮದ್ದು ಸರಿ, ಕುಪ್ಪಿಯ ಮೂತಿ ನೋಡಿಕೊಳ್ಳಿ

ಕಾಸರಗೋಡು, ಕುಂಬಳೆ, ಬದಿಯಡ್ಕ ಎಲ್ಲೇ ಆಗಲಿ, ಮೆಡಿಕಲ್ ಶಾಪಿನಲ್ಲಿ "ಕಣ್ಣು ಉರಿ, ಹೊಯಿಗೆ ಬಿದ್ದ ಹಾಗೆ ಆಗ್ತದೆ" ಅಂದರೆ ಹೆಚ್ಚಾಗಿ ಕೈಗೆ ಬರುವುದು ಇದೇ: ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (ಸಿಎಂಸಿ) 0.5%, 10 ಮಿ.ಲೀ. ಕುಪ್ಪಿ. ಕಂಪೆನಿಗಳು ಹಲವು, ಒಳಗಿನ ಮದ್ದು ಒಂದೇ. ದುಬಾರಿಯದ್ದೇ ಬೇಕೆಂದಿಲ್ಲ. ವ್ಯತ್ಯಾಸ ಇರುವುದು ಮದ್ದು ಕೆಡದಂತೆ ಸೇರಿಸುವ ಪ್ರಿಸರ್ವೇಟಿವ್‌ನಲ್ಲಿ ಮತ್ತು ಕುಪ್ಪಿಯ ಮೂತಿಯಲ್ಲಿ.

ಇದು ಕೃತಕ ಕಣ್ಣೀರು. ನೀರನ್ನು ಹಿಡಿದಿಟ್ಟುಕೊಳ್ಳುವ ಗುಣ ಇರುವುದರಿಂದ ಕಣ್ಣಿನ ಮೇಲೆ ತೆಳ್ಳಗೆ ಹರಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹೈವೇ ಕೆಲಸದ ಧೂಳು, ಬೈಕಿನ ಗಾಳಿ, ದಿನವಿಡೀ ಕಂಪ್ಯೂಟರ್, ಇವುಗಳಿಂದ ಒಣಗಿದ ಕಣ್ಣಿಗೆ ಒಳ್ಳೆಯ ಆರಾಮ. ಬಿಟ್ಟ ಕೂಡಲೇ ಸ್ವಲ್ಪ ಹೊತ್ತು ಮಂಜು ಮಂಜಾಗುತ್ತದೆ, ಅದು ಕಳೆಯದೆ ಗಾಡಿ ಹತ್ತಬೇಡಿ. ಇದರದ್ದೇ 1% ಹನಿ ಇನ್ನೂ ದಪ್ಪ, ಮಲಗುವ ಮುಂಚೆ ಬಿಡಲು ಅದೇ ವಾಸಿ. ಕಣ್ಣುಬೇನೆಗಾಗಲಿ ಅಲರ್ಜಿಗಾಗಲಿ ಇದು ಮದ್ದಲ್ಲ.

ದೂರು ಇರುವುದು ಕುಪ್ಪಿಯ ಮೇಲೆ. ಕೆಲವು ಕುಪ್ಪಿಗಳ ಮೂತಿ ಮುಚ್ಚಿಯೇ ಬರುತ್ತದೆ. ಮುಚ್ಚಳದ ಒಳಗೊಂದು ಮುಳ್ಳು ಇರುತ್ತದೆ. ಮುಚ್ಚಳವನ್ನು ಬಲಕ್ಕೆ ಬಿಗಿಯಾಗಿ ತಿರುಗಿಸಿದರೆ ಅದೇ ತೂತು ಮಾಡುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಕೌಂಟರಿನಲ್ಲಿ "ನಾಲು ನೇರಂ" (ಮಲಯಾಳದಲ್ಲಿ ನಾಲ್ಕು ಹೊತ್ತು) ಅಂತ ಹೇಳಿ ಕವರಿಗೆ ಹಾಕಿ ಕೊಟ್ಟರೆ ಮುಗಿಯಿತು. ಮನೆಗೆ ಬಂದವರು ಸೂಜಿಯಿಂದಲೋ ಪಿನ್ನಿನಿಂದಲೋ ಚುಚ್ಚುತ್ತಾರೆ. ತೂತು ದೊಡ್ಡದಾಗಿ ಹನಿ ದಪ್ಪವಾಗುತ್ತದೆ, ಕುಪ್ಪಿ ಬೇಗ ಖಾಲಿ, ಪಿನ್ನಿನ ಕೊಳೆ ಒಳಗೆ.

ಬಿಡುವಾಗ ಒಂದು ಕಣ್ಣಿಗೆ ಒಂದೇ ಹನಿ. ಕೆಳರೆಪ್ಪೆಯ ಒಳಗೆ ಹಿಡಿಸುವುದು ಸುಮಾರು 30 ಮೈಕ್ರೋಲೀಟರ್, ಒಂದು ಹನಿಯೇ 30ರಿಂದ 50 ಇರುತ್ತದೆ. ಎರಡನೆಯದು ಕೆನ್ನೆಗೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು ಮೇಲೆ ನೋಡಿ. ಮೂತಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಹನಿ ಬಿದ್ದ ಮೇಲೆ ಪಟಪಟ ರೆಪ್ಪೆ ಬಡಿಯದೆ ಮೆಲ್ಲಗೆ ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿಂದ ಮೂಗಿಗೆ ಒಂದು ನಾಳ ಇಳಿಯುತ್ತದೆ, ಕೆಲವು ಮದ್ದು ಬಿಟ್ಟಾಗ ಗಂಟಲು ಕಹಿಯಾಗುವುದು ಅದರಿಂದಲೇ. ಸಿಎಂಸಿಯಲ್ಲಿ ಒತ್ತದಿದ್ದರೆ ಮದ್ದು ದಂಡ, ಅಷ್ಟೆ. ಗ್ಲಾಕೋಮಾಕ್ಕೆ (ಕಣ್ಣಿನ ನರ ಕೆಡುವ ಕಾಯಿಲೆ) ಬಿಡುವ ಟಿಮೊಲಾಲ್ ಹನಿ ಹಾಗಲ್ಲ, ರಕ್ತಕ್ಕೆ ಸೇರಿ ಅಸ್ತಮಾ ಇರುವವರಿಗೆ ದಮ್ಮು ಕಟ್ಟಿಸಬಹುದು. ಎರಡು ಬಗೆಯ ಹನಿ ಇದ್ದರೆ ನಡುವೆ 5 ನಿಮಿಷ ಬಿಡಿ, ಆಯಿಂಟ್‌ಮೆಂಟ್ ಕೊನೆಗೆ.

ಕೊಳ್ಳುವಾಗ ಲೇಬಲ್ಲಿನಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇದೆಯೇ ನೋಡಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಿಡುವವರಿಗೆ ಇದೇ ಪ್ರಿಸರ್ವೇಟಿವ್ ಕಣ್ಣಿನ ಮೇಲ್ಪದರವನ್ನು ಕೆಡಿಸಿ ಉರಿ ಹೆಚ್ಚಿಸಬಹುದು. ಅಂಥವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಲಿ, ಬೆಲೆ ಜಾಸ್ತಿ ಆದರೂ ಸಾರ್ಥಕ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು ಹನಿ ಬಿಟ್ಟು, 15 ನಿಮಿಷ ಕಳೆದು ಹಾಕಿಕೊಳ್ಳಬೇಕು.

ತೆರೆದ ತಾರೀಕು ಡಬ್ಬಿಯ ಮೇಲೆ ಬರೆಯಿರಿ. ಲೇಬಲ್ಲಿನಲ್ಲಿ ಬೇರೆ ಹೇಳದಿದ್ದರೆ ಒಂದು ತಿಂಗಳಿಗೆ ಎಸೆಯಬೇಕು. ಎಕ್ಸ್‌ಪೈರಿ ತಾರೀಕು ತೆರೆಯದ ಕುಪ್ಪಿಗೆ ಮಾತ್ರ. ಹನಿಗಳ ಲೆಕ್ಕದಲ್ಲಿ ನಷ್ಟವೇನಿಲ್ಲ: ಎರಡೂ ಕಣ್ಣಿಗೆ ನಾಲ್ಕು ಹೊತ್ತು ಬಿಟ್ಟರೆ 10 ಮಿ.ಲೀ. ಹೆಚ್ಚುಕಡಿಮೆ ತಿಂಗಳೊಳಗೇ ಮುಗಿಯುತ್ತದೆ. ಸ್ಕೂಟರಿನ ಡಿಕ್ಕಿಯ ಬಿಸಿಯಲ್ಲಿ ಇಡಬೇಡಿ. ಒಬ್ಬರ ಕುಪ್ಪಿ ಒಬ್ಬರಿಗೇ.

ಮನೆಯಲ್ಲಿ ಉಳಿದ ಹಳೆಯ ಸ್ಟಿರಾಯ್ಡ್ ಹನಿಯನ್ನು "ಅದೂ ಕಣ್ಣಿನದ್ದೇ ಅಲ್ವಾ" ಅಂತ ಇದರ ಬದಲು ಬಿಡುವುದು ಅಪಾಯ. ಕೆಂಪು ಬೇಗ ಇಳಿದರೂ ಒಳಗಿನ ಒತ್ತಡ ಏರಿ ನರಕ್ಕೆ ಪೆಟ್ಟು ಬೀಳಬಹುದು. ಕಿವಿಯ ಡ್ರಾಪ್ಸ್ ಕುಪ್ಪಿಯೂ ನೋಡಲು ಹೀಗೇ, ಬೇರೆ ಕಪಾಟಿನಲ್ಲಿಡಿ.

ಅಡಿಕೆಗೆ ಮದ್ದು ಬಿಡುವಾಗ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಕಣ್ಣಿಗೆ ಸಿಡಿದರೆ ಈ ಕುಪ್ಪಿ ಹುಡುಕುತ್ತಾ ಹೋಗಬೇಡಿ. ಅದರ ಸುಣ್ಣ ಕಣ್ಣನ್ನು ಸುಡುತ್ತದೆ. ಅಲ್ಲೇ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ನೇರ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ. ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಸುಕಾಗಿಯೇ ಉಳಿಯುವುದು ಇದ್ದರೂ ನೇರ ಡಾಕ್ಟರರ ಹತ್ತಿರವೇ ಹೋಗಿ.