ಬಣ್ಣಕ್ಕೂ ಕತ್ತರಿಗೂ ಒಂದೇ ಹಾಳೆ: ಆರ್ಷ್ 300 ಜಿಎಸ್‌ಎಂ ಕೋಲ್ಡ್ ಪ್ರೆಸ್ ಕಾಗದ

ಹವ್ಯಾಸಕ್ಕೆಂದು ಜಲವರ್ಣ ಹಿಡಿದವರಲ್ಲಿ ಹೆಚ್ಚಿನವರು ಮೊದಲು ಬಣ್ಣಕ್ಕೆ ದುಡ್ಡು ಹಾಕುತ್ತಾರೆ, ಆಮೇಲೆ ಬ್ರಷ್‌ಗೆ. ಕಾಗದಕ್ಕೆ ಬರುವುದು ಕೊನೆಗೆ ಉಳಿದದ್ದು. ಈ ಕ್ರಮವನ್ನು ತಿರುಗಿಸಿ ನೋಡಿ. ವಸ್ತುವನ್ನು ಇದ್ದ ಹಾಗೆ ಚಿತ್ರಿಸುವಾಗ ನೆರಳಿನ ಅಂಚು ಮೆಲ್ಲಗೆ ಕರಗಬೇಕು, ಒಂದು ಪದರದ ಮೇಲೆ ಇನ್ನೊಂದು ಪದರ ಕದಡದೆ ಕೂರಬೇಕು, ಹೆಚ್ಚಾದ ಕಡೆ ಬಣ್ಣವನ್ನು ಎತ್ತಲು ಬರಬೇಕು. ಈ ಮೂರನ್ನೂ ಮುಖ್ಯವಾಗಿ ನಿರ್ಧರಿಸುವುದು ಹಾಳೆ. ಸಾಧಾರಣ ಬಣ್ಣ, ಒಂದೇ ಒಂದು ದುಂಡು ಬ್ರಷ್ ಮತ್ತು ಒಳ್ಳೆಯ ಕಾಗದ ಇದ್ದರೆ ಕಲಿಕೆ ಮುಂದೆ ಸಾಗುತ್ತದೆ. ದುಬಾರಿ ಬಣ್ಣಕ್ಕೆ ತೆಳ್ಳನೆಯ ಡ್ರಾಯಿಂಗ್ ಶೀಟ್ ಜೊತೆಯಾದರೆ ಕೈಯಲ್ಲಿ ಕೌಶಲ ಇದ್ದರೂ ಅದು ಕಾಣಿಸುವುದಿಲ್ಲ.

ಅಂಥ ಒಳ್ಳೆಯ ಕಾಗದಗಳಲ್ಲಿ ಎಲ್ಲರೂ ಹೆಸರು ಕೇಳಿರುವುದು ಆರ್ಷ್. ಫ್ರಾನ್ಸಿನ ವೋಜ್ ಪ್ರಾಂತ್ಯದ ಆರ್ಷ್ ಎಂಬ ಊರಿನ ಈ ಗಿರಣಿಯ ಇತಿಹಾಸ 1492ಕ್ಕೆ ಹೋಗುತ್ತದೆ. ಹಾಳೆ ಪೂರ್ತಿ ಹತ್ತಿಯ ನಾರಿನದು. ಅದನ್ನು ಜಾಲರಿಯ ಉರುಳೆ ತಿರುಗುವ ಸಿಲಿಂಡರ್ ಮೋಲ್ಡ್ ಯಂತ್ರದಲ್ಲಿ ನಿಧಾನವಾಗಿ ಎತ್ತಿ, ಬಳಿಕ ಜೆಲಟಿನ್ ದ್ರಾವಣದಲ್ಲಿ ಅದ್ದುತ್ತಾರೆ. ಜೆಲಟಿನ್ ಮೇಲ್ಮೈಗಷ್ಟೇ ನಿಲ್ಲದೆ ಹಾಳೆಯ ಒಳಗೂ ಇಳಿದಿರುತ್ತದೆ. ಈ ಕಾಗದದ ಗುಣವೆಲ್ಲ ಇರುವುದು ಅಲ್ಲೇ. ಚಿತ್ರ ಬರೆಯುವಾಗ ಬಣ್ಣವನ್ನು ಒಡನೆ ಕುಡಿಯದೆ ತಡೆಯುವುದು ಈ ಜೆಲಟಿನ್. ಕಾಗದವನ್ನು ಒದ್ದೆ ಮಾಡಿ ಎಸಳಿನಂತೆ ಬಾಗಿಸಿ ಒಣಗಿಸಿದಾಗ ಆ ಆಕಾರವನ್ನು ಹಿಡಿದಿಡುವುದಕ್ಕೆ ನೆರವಾಗುವುದೂ ಅದೇ. ಹಾಗಾಗಿ ಚಿತ್ರವನ್ನೂ ಕಾಗದದ ಕರಕುಶಲವನ್ನೂ ಜೊತೆಯಾಗಿ ಕಲಿಯುವವರಿಗೆ ಈ ಒಂದು ಹಾಳೆ ಎರಡು ಕಡೆ ದುಡಿಯುತ್ತದೆ.

ಮೊದಲು ಬಣ್ಣದ ವಿಷಯ. ನೀರು ಹಚ್ಚಿದ ಕಾಗದ ಒಣಗುವುದಕ್ಕೆ ಮೊದಲು ಮೂರು ಹಂತ ದಾಟುತ್ತದೆ. ಮೊದಲು ನೀರು ಕೆರೆಯಂತೆ ನಿಂತಿರುತ್ತದೆ. ಆಮೇಲೆ ನೀರು ಹರಿಯುವುದಿಲ್ಲ, ಆದರೆ ಮೈಯೆಲ್ಲ ಹೊಳೆಯುತ್ತಿರುತ್ತದೆ. ಕೊನೆಗೆ ಹೊಳಪು ಹೋಗಿ ತಣ್ಣನೆಯ ಪಸೆ ಮಾತ್ರ ಉಳಿಯುತ್ತದೆ. ಮೃದುವಾದ ನೆರಳು ಹುಟ್ಟುವುದು ಎರಡನೆಯ ಹಂತದಲ್ಲಿ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಈ ಹಂತ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಒಂದು ಅಂಚನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಅಂಚು ಗಟ್ಟಿ ಗೆರೆಯಾಗಿ ಒಣಗಿರುತ್ತದೆ. ಈ ಹಾಳೆಯಲ್ಲಿ ಆ ಹೊಳಪು ಸಾವಕಾಶವಾಗಿ ಆರುತ್ತದೆ, ಯೋಚಿಸಿ ಕೈ ಹಾಕಲು ಸಮಯ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒಂದು ಕೆಂಪು ಸೇಬನ್ನೇ ತೆಗೆದುಕೊಳ್ಳಿ. ಎಚ್‌ಬಿ ಪೆನ್ಸಿಲ್‌ನಲ್ಲಿ ಒತ್ತದೆ ಹೊರಗೆರೆ ಎಳೆದು, ಬೆಳಕು ಬಿದ್ದು ಬೆಳ್ಳಗೆ ಹೊಳೆಯುವ ಜಾಗವನ್ನೂ ಸಣ್ಣದಾಗಿ ಗುರುತಿಸಿ. ಆ ಜಾಗವನ್ನು ಬಿಟ್ಟು ಉಳಿದೆಡೆ ಬರಿಯ ನೀರು ಹಚ್ಚಿ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಹಚ್ಚಿ. ಮೊದಲ ಸಲದ ನೀರು ಒಳಗೆ ಇಳಿಯುತ್ತದೆ, ಎರಡನೆಯದು ಮೈಮೇಲೆ ನಿಲ್ಲುತ್ತದೆ. ಹಲಗೆಯನ್ನು ವಾರೆ ಮಾಡಿದಾಗ ನೀರು ಓಡದಿದ್ದರೆ ತಿಳಿ ಹಳದಿಯನ್ನು ಇಳಿಬಿಡಿ. ಹೊಳೆಯುವ ಬಿಂದುವಿನ ಸುತ್ತ ಕಡಿಮೆ, ದೂರ ಹೋದಂತೆ ಹೆಚ್ಚು. ಪೂರ್ತಿ ಒಣಗಲು ಬಿಡಿ. ಅಂಗೈಯ ಹಿಂಭಾಗವನ್ನು ಹಾಳೆಗೆ ಸ್ವಲ್ಪ ತಾಗಿಸಿದರೆ ತಣ್ಣಗೆನಿಸುತ್ತದೆಯೇ? ಹಾಗಾದರೆ ಒಳಗೆ ಇನ್ನೂ ತೇವ ಇದೆ, ಕಾಯಬೇಕು.

ಎರಡನೆಯ ಪದರಕ್ಕೆ ಕ್ವಿನಾಕ್ರಿಡೋನ್ ಕೆಂಪು, ಟ್ಯೂಬಿನ ಮೇಲೆ ಪಿವಿ19 ಎಂದಿರುವುದು, ಬಹಳ ಒಳ್ಳೆಯದು. ಅದು ಪಾರದರ್ಶಕ. ಕೆಳಗಿನ ಹಳದಿ ಅದರ ಮೂಲಕ ಹಾದು ಬಂದು ಹಣ್ಣಿಗೆ ಒಳಗಿನಿಂದ ಬೆಳಕು ಇರುವಂತೆ ತೋರುತ್ತದೆ. ಮೆತ್ತನೆಯ ಬ್ರಷ್‌ನಲ್ಲಿ ಒಂದೇ ಎಳೆತಕ್ಕೆ ಹಚ್ಚಿ, ಅದೇ ಜಾಗವನ್ನು ಮತ್ತೆ ಉಜ್ಜಬೇಡಿ. ನೆರಳಿನ ಬದಿಗೆ ಅದೇ ಕೆಂಪಿಗೆ ಥ್ಯಾಲೋ ಹಸಿರನ್ನು, ಪಿಜಿ7 ಅನ್ನು, ಬ್ರಷ್ ತುದಿಯಲ್ಲಿ ಎಷ್ಟು ಬರುತ್ತದೋ ಅಷ್ಟೇ ಸೇರಿಸಿ. ಹಸಿರು ಕೆಂಪಿನ ಎದುರು ಬಣ್ಣವಾದ್ದರಿಂದ ನೆರಳು ಕಪ್ಪಿಟ್ಟು ಸಾಯದೆ ಗಾಢ ಕೆಂಪಾಗಿಯೇ ಉಳಿಯುತ್ತದೆ. ನೆಲದ ಮೇಲೆ ಬೀಳುವ ನೆರಳಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ ಎಂಬ ಕಂದು ಸಾಕು. ಹಣ್ಣು ನೆಲಕ್ಕೆ ತಾಗುವ ಗೆರೆಯಲ್ಲಿ ಅತಿ ಗಾಢ, ಅಂಚು ಚೂಪು. ಹಣ್ಣಿನಿಂದ ದೂರ ಸರಿದಂತೆ ತಿಳಿ, ಅಂಚು ಮಸುಕು. ಈ ಅಂಚಿನ ವ್ಯತ್ಯಾಸವೊಂದನ್ನು ಸರಿಯಾಗಿ ಹಿಡಿದರೆ ಹಣ್ಣು ನೆಲದ ಮೇಲೆ ಕೂರುತ್ತದೆ, ತಪ್ಪಿದರೆ ಗಾಳಿಯಲ್ಲಿ ತೇಲುತ್ತದೆ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ ಹಸಿಯಲ್ಲಿ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಗಾಢವಾಗಿಯೇ ಹಚ್ಚಬೇಕು.

ಪದರಗಳ ಕ್ರಮಕ್ಕೂ ಲೆಕ್ಕವಿದೆ. ಥ್ಯಾಲೋ, ಕ್ವಿನಾಕ್ರಿಡೋನ್ ಬಣ್ಣಗಳು ನಾರಿಗೆ ಕಚ್ಚಿಕೊಳ್ಳುತ್ತವೆ, ಅವುಗಳ ಮೇಲೆ ಮತ್ತೆ ನೀರು ಹರಿಸಿದರೆ ಕದಡುವುದು ಕಡಿಮೆ. ಅಲ್ಟ್ರಾಮರೀನ್ ಸುಲಭವಾಗಿ ಎದ್ದು ಬರುತ್ತದೆ. ಅದನ್ನು ಕೆಳಗಿಟ್ಟು ಮೇಲೆ ಇನ್ನೊಂದು ಪದರ ಎಳೆದರೆ ಕೆಸರಾಗುವ ಸಂಭವ ಹೆಚ್ಚು. ಕಚ್ಚುವ ಬಣ್ಣ ಕೆಳಗಿರಲಿ, ಏಳುವ ಬಣ್ಣ ಮೇಲಿರಲಿ.

ಹೂಕೋಸಿನ ಅಂಚಿನಂಥ ಕಲೆಗಳು ಎಲ್ಲರಿಗೂ ಕಾಟ ಕೊಡುತ್ತವೆ. ಅರ್ಧ ಒಣಗಿದ ಮೈಗೆ ಹೆಚ್ಚು ನೀರಿರುವ ಬ್ರಷ್ ತಾಗಿದಾಗ ಆ ನೀರು ಸುತ್ತಲಿನ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳುತ್ತದೆ, ಅವು ಅಂಚಿನಲ್ಲಿ ಶೇಖರವಾಗುತ್ತವೆ. ಕಾಗದ ಎಷ್ಟೇ ಒಳ್ಳೆಯದಿರಲಿ ಇದು ತಪ್ಪುವುದಿಲ್ಲ. ಕಾಗದಕ್ಕಿಂತ ಬ್ರಷ್‌ನಲ್ಲಿ ನೀರು ಕಡಿಮೆ ಇರಬೇಕು, ಅಷ್ಟೇ ಸೂತ್ರ.

ಮೈಯ ಆಯ್ಕೆ ಬಗ್ಗೆ ಒಂದು ಮಾತು. ನುಣುಪಾದ ಹಾಟ್ ಪ್ರೆಸ್, ನಡುವಿನ ಕೋಲ್ಡ್ ಪ್ರೆಸ್, ಒರಟಾದ ರಫ್ ಎಂದು ಮೂರು ಬಗೆ ಸಿಗುತ್ತವೆ. ಸಸ್ಯಚಿತ್ರ, ಕೀಟದ ಕಾಲು, ಗರಿಯ ಎಳೆ ಬರೆಯುವವರಿಗೆ ಹಾಟ್ ಪ್ರೆಸ್ಸೇ ಬೇಕು, ಏಕೆಂದರೆ ಕೋಲ್ಡ್ ಪ್ರೆಸ್‌ನ ಗುಳಿಗಳು ಕೂದಲೆಳೆಯ ಗೆರೆಯನ್ನು ಮುರಿಯುತ್ತವೆ. ಆದರೆ ಹಾಟ್ ಪ್ರೆಸ್‌ನಲ್ಲಿ ದೊಡ್ಡ ಜಾಗಕ್ಕೆ ಸಮನಾಗಿ ಬಣ್ಣ ಹಚ್ಚುವುದು ಕಷ್ಟ, ಮೇಲೆ ಹೇಳಿದ ಕಲೆಗಳೂ ಎದ್ದು ಕಾಣುತ್ತವೆ. ಮೊದಲ ಕಾಗದ ಕೋಲ್ಡ್ ಪ್ರೆಸ್ ಆಗಿರುವುದೇ ಸರಿ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆಯೂ ನೀರು ಹೆಚ್ಚಾದರೆ ಅಲೆಅಲೆಯಾಗಿ ಏಳುತ್ತದೆ. ಏಳದಂತೆ ಮಾಡಲು ಅದನ್ನು ಮೊದಲೇ ನೆನೆಸಿ ಬಿಗಿಯಬೇಕು. ತಣ್ಣೀರಿನಲ್ಲಿ ಐದರಿಂದ ಹತ್ತು ನಿಮಿಷ ಮುಳುಗಿಸಿ, ಒಂದು ಮೂಲೆ ಹಿಡಿದು ಎತ್ತಿ ನೀರು ಸೋರಿಸಿ, ದಪ್ಪ ಪ್ಲೈವುಡ್ ಹಲಗೆಯ ಮೇಲೆ ಹಾಸಿ. ನೀರು ತಾಗಿದರೆ ಅಂಟುವ ಕಂದು ಪೇಪರ್ ಟೇಪನ್ನು ನಾಲ್ಕೂ ಅಂಚಿಗೆ, ಅರ್ಧ ಕಾಗದದ ಮೇಲೆ ಅರ್ಧ ಹಲಗೆಯ ಮೇಲೆ ಬರುವಂತೆ ಒತ್ತಿ, ಮಲಗಿಸಿಯೇ ಒಣಗಿಸಿ. ಬಿಸಿನೀರು ಮಾತ್ರ ಬೇಡವೇ ಬೇಡ. ಬಿಸಿಗೆ ಜೆಲಟಿನ್ ಕರಗಿ ಹೋಗುತ್ತದೆ, ಅದು ಹೋದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ದುಬಾರಿ ಬ್ಲಾಟಿಂಗ್ ಪೇಪರ್. ಗಂಟೆಗಟ್ಟಲೆ ನೆನೆಹಾಕಿದರೂ ಅಷ್ಟೇ ಹಾನಿ. ನೆನೆಸಿದಾಗ ಬರುವ ಪ್ರಾಣಿಮೂಲದ ವಾಸನೆ ಕೆಲವರಿಗೆ ಹಿಡಿಸುವುದಿಲ್ಲ. ಅದು ಜೆಲಟಿನ್ ವಾಸನೆ, ಕಾಗದ ಕೆಟ್ಟಿದೆ ಎಂದಲ್ಲ. ಪ್ರಾಣಿಮೂಲದ ವಸ್ತುವೇ ಬೇಡ ಎನ್ನುವವರು ಇಟಲಿಯ ಫ್ಯಾಬ್ರಿಯಾನೋ ಆರ್ಟಿಸ್ಟಿಕೋ ನೋಡಬಹುದು. ಅದೂ ಪೂರ್ತಿ ಹತ್ತಿಯದು, ಅದರ ಲೇಪದಲ್ಲಿ ಜೆಲಟಿನ್ ಇಲ್ಲ.

ಇನ್ನು ಕತ್ತರಿಯ ಕಡೆಗೆ. ಒರಿಗಾಮಿಗೆ ಈ ಹಾಳೆ ಖಂಡಿತ ಅಲ್ಲ. ಅಲ್ಲಿ 60ರಿಂದ 80 ಜಿಎಸ್‌ಎಂ ಸಾಕು. ಇಷ್ಟು ದಪ್ಪದ್ದನ್ನು ನಾಲ್ಕು ಮಡಿಕೆ ಮಾಡಿದರೆ ಮೂಲೆ ಒಡೆಯುತ್ತದೆ. ಸುರುಳಿ ಸುತ್ತಿ ಮಾಡುವ ಕ್ವಿಲ್ಲಿಂಗ್ ಪಟ್ಟಿಗೂ ಬೇಡ. ಇದು ಹೊಂದುವುದು ಉಬ್ಬುಚಿತ್ರಕ್ಕೆ, ಕಾಗದದ ಹೂವು, ಎಲೆ, ಹಕ್ಕಿಯ ರೆಕ್ಕೆಗೆ, ಪಾಪ್‌ಅಪ್ ಕಾರ್ಡಿನ ತಳಕ್ಕೆ, ಕೈಹೊಲಿಗೆಯ ಪುಸ್ತಕದ ರಟ್ಟಿಗೆ.

ಎಲ್ಲಕ್ಕೂ ಮೊದಲು ನಾರಿನ ದಿಕ್ಕು ಹುಡುಕಿ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮಡಿಸದೆ ಬಾಗಿಸಿ ಅಂಗೈಯಿಂದ ಒತ್ತಿ. ಯಾವ ಕಡೆ ಕಡಿಮೆ ತಡೆಯುತ್ತದೋ ಆ ಮಡಿಕೆಯ ಗೆರೆಗೆ ನಾರು ಸಮಾನಾಂತರ. ಸಿಲಿಂಡರ್ ಮೋಲ್ಡ್ ಕಾಗದದಲ್ಲಿ ಈ ವ್ಯತ್ಯಾಸ ಸಾಮಾನ್ಯ ಯಂತ್ರದ ಕಾಗದದಷ್ಟು ಜೋರಾಗಿ ತಿಳಿಯುವುದಿಲ್ಲ, ಆದರೆ ಇದ್ದೇ ಇರುತ್ತದೆ. ಮಡಿಕೆ ನಾರಿನ ಜೊತೆಗೆ ಹೋದರೆ ಶುಭ್ರ, ಅಡ್ಡ ಹೋದರೆ ಹೊರಮೈ ಬಿರಿದು ನಾರು ಕೆದರುತ್ತದೆ. ಮಡಿಸುವ ಮುನ್ನ ಬೋನ್ ಫೋಲ್ಡರ್ ಎಂಬ ಮೊಂಡು ಅಂಚಿನ ಪಟ್ಟಿ ಅಥವಾ ಇಂಕು ಮುಗಿದ ಬಾಲ್‌ಪೆನ್‌ನಲ್ಲಿ ಸ್ಕೇಲಿಟ್ಟು ಗೀರಬೇಕು. ಗೀರಿದಾಗ ಇನ್ನೊಂದು ಬದಿಗೆ ಸಣ್ಣ ಏಣು ಏಳುತ್ತದಲ್ಲ, ಅದು ಮಡಿಕೆಯ ಒಳಗೆ ಬರಬೇಕು. ಬಹಳ ಜನ ಗೀರಿನ ತಗ್ಗಿನ ಕಡೆಗೇ ಮಡಿಸುತ್ತಾರೆ, ದಪ್ಪ ಕಾಗದ ಸೀಳಿ ಬಿಡಲು ಅದೊಂದು ದೊಡ್ಡ ಕಾರಣ.

ಈ ದಪ್ಪ ಹತ್ತಿಯ ಹಾಳೆಗೆ ಬ್ಲೇಡ್ ಬೇಗ ಮೊಂಡಾಗುತ್ತದೆ. ಮೊಂಡಾದ ಬ್ಲೇಡ್ ಕತ್ತರಿಸುವುದಿಲ್ಲ, ನಾರನ್ನು ಎಳೆಯುತ್ತದೆ. ಅಂಚು ತುಪ್ಪಳದಂತೆ ಕಂಡೊಡನೆ ಬದಲಿಸಿ. 11ನೇ ನಂಬರಿನ ಚೂಪು ತುದಿಯ ಬ್ಲೇಡ್ ಹಿಡಿದು ಒಂದೇ ಸಲ ಬಲ ಹಾಕುವ ಬದಲು ಅದೇ ಗೆರೆಯಲ್ಲಿ ಎರಡು ಮೂರು ಸಲ ಹಗುರಾಗಿ ಹೋಗಿ. ತಿರುವುಗಳಲ್ಲಿ ಕೈ ತಿರುಗಿಸದೆ ಕಾಗದ ತಿರುಗಿಸಿ. ಒಳಗಿನ ಕಿಂಡಿಗಳನ್ನು ಮೊದಲು ಕೊರೆದು ಹೊರಗೆರೆಯನ್ನು ಕೊನೆಗೆ ಕತ್ತರಿಸಿದರೆ ಹಾಳೆ ಕೊನೆತನಕ ಬಿಗಿಯಾಗಿ ನಿಲ್ಲುತ್ತದೆ.

ಈ ಕಾಗದದ ನಿಜವಾದ ಸೊಗಸು ತಿಳಿಯುವುದು ಎಸಳು ಮಾಡುವಾಗ. ಬಣ್ಣ ಹಚ್ಚಿ ಒಣಗಿದ ಎಸಳನ್ನು ಕತ್ತರಿಸಿ, ಹಿಂಬದಿಗೆ ಮಾತ್ರ ಸ್ಪ್ರೇ ಬಾಟಲಿಯಿಂದ ಮಂಜಿನಂತೆ ನೀರು ಸಿಂಪಡಿಸಿ. ಒಂದೆರಡು ನಿಮಿಷದಲ್ಲಿ ಅದು ತೊಗಲಿನಂತೆ ಮೆತ್ತಗಾಗುತ್ತದೆ. ಸ್ಪಂಜಿನ ಮೇಲಿಟ್ಟು ಗುಂಡು ತುದಿಯ ಉಪಕರಣದಿಂದ ನಡುವಿನಿಂದ ಸುತ್ತಿಗೆ ಒತ್ತುತ್ತ ಬನ್ನಿ, ಬಟ್ಟಲಿನ ಆಕಾರ ಬರುತ್ತದೆ. ಅಂಚನ್ನು ಬೆರಳಲ್ಲಿ ಹೊರಕ್ಕೆ ಸುರುಳಿಸಿ ಹಾಗೇ ಒಣಗಲು ಬಿಡಿ. ಒಣಗಿದ ಎಸಳು ಗಟ್ಟಿಯಾಗಿ ಆಕಾರ ಹಿಡಿದು ನಿಲ್ಲುತ್ತದೆ. ನೀರು ಜಾಸ್ತಿಯಾದರೆ ಬಣ್ಣ ಎದ್ದು ಹರಿಯುತ್ತದೆ, ಒತ್ತಿದ ಕಡೆ ಮೈ ಸುಲಿಯುತ್ತದೆ. ಕಚ್ಚುವ ಬಣ್ಣಗಳನ್ನೇ ಆರಿಸಿಕೊಂಡಿದ್ದರೆ ಈ ಅಪಾಯ ಅರ್ಧ ತಪ್ಪಿದಂತೆ.

ಬಣ್ಣ ಮೊದಲೋ ಕತ್ತರಿ ಮೊದಲೋ ಎಂಬುದಕ್ಕೆ ಉತ್ತರ ಬಣ್ಣ ಮೊದಲು. ಕತ್ತರಿಸಿದ ಸಣ್ಣ ತುಂಡಿಗೆ ನೀರು ಹಚ್ಚಿದರೆ ಅಂಚಿನ ಮೂಲಕ ನೀರು ಒಳನುಗ್ಗಿ ಅಲ್ಲಿ ಬಣ್ಣ ಗಾಢವಾಗುತ್ತದೆ, ತುಂಡೂ ಡೊಂಕಾಗುತ್ತದೆ. ಕತ್ತರಿಸಿದ ಮೇಲೆ ಬಿಳಿಯ ತಿರುಳು ಅಂಚಿನಲ್ಲಿ ಇಣುಕುತ್ತದೆ. ಅರೆಒಣ ಬ್ರಷ್‌ನಲ್ಲಿ ಅದೇ ಬಣ್ಣವನ್ನು ಅಂಚಿಗೆ ಸವರಿ ಮುಚ್ಚಬೇಕು, ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಬರೆದ ಎಲೆಯೂ ಕತ್ತರಿಸಿದ ಕಾಗದವಾಗಿಯೇ ಕಾಣುತ್ತದೆ. ಉಬ್ಬುಚಿತ್ರದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಎಲೆಯನ್ನು 2 ಮಿಲಿಮೀಟರ್ ಫೋಮ್ ಟೇಪಿನ ಮೇಲೆ ಎತ್ತಿ ಅಂಟಿಸಿದಾಗ ಅದು ತಾನೇ ನೆರಳು ಬೀಳಿಸುತ್ತದೆ. ಅದರ ಕೆಳಗೆ ನೀವೂ ಒಂದು ನೆರಳು ಬರೆದಿದ್ದರೆ ಎರಡು ನೆರಳು ಎರಡು ದಿಕ್ಕಿಗೆ ಬಿದ್ದು ಕಣ್ಣಿಗೆ ಸುಳ್ಳು ತಿಳಿಯುತ್ತದೆ. ಎಲೆಯ ಮೈಯ ಉಬ್ಬುತಗ್ಗಿನ ಛಾಯೆಯನ್ನು ಬಣ್ಣದಲ್ಲಿ ಬರೆಯಿರಿ, ಬೀಳುವ ನೆರಳನ್ನು ಕಾಗದಕ್ಕೇ ಬಿಡಿ.

ಅಂಟಿಸಲು ಬಿಳಿ ಪಿವಿಎ ಅಂಟು, ತೆಳುವಾಗಿ, ಅಂಚಿನಿಂದ ಸ್ವಲ್ಪ ಒಳಗೆ. ಇಡೀ ಹಾಳೆಯನ್ನು ರಟ್ಟಿಗೆ ಅಂಟಿಸುವಾಗ ಅದು ಅಂಟಿನ ನೀರು ಕುಡಿದು ಹಿಗ್ಗಿ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಬಗ್ಗಿಸುತ್ತದೆ. ರಟ್ಟಿನ ಹಿಂಬದಿಗೂ ಅದೇ ತೂಕದ ಕಾಗದವನ್ನು, ಅದೇ ನಾರಿನ ದಿಕ್ಕಿನಲ್ಲಿ ಅಂಟಿಸಿ ಭಾರದಡಿ ಇಟ್ಟರೆ ಎರಡೂ ಎಳೆತ ಸಮವಾಗುತ್ತದೆ.

ಹಾಳೆಗಳನ್ನು ಒಟ್ಟಿಗೆ ಅಂಟಿಸಿದ ಕಟ್ಟನ್ನು, ಅಂದರೆ ಬ್ಲಾಕ್ ಕೊಳ್ಳಬೇಕೋ ಬಿಡಿಹಾಳೆ ಕೊಳ್ಳಬೇಕೋ? ಬ್ಲಾಕ್‌ನಲ್ಲಿ ಸುತ್ತಲೂ ಅಂಟು ಹಾಕಿರುವುದರಿಂದ ಬಿಗಿಯುವ ಶ್ರಮವಿಲ್ಲ, ಹೊರಗೆ ಕೂತು ಬರೆಯುವವರಿಗೆ ಅನುಕೂಲ. ಆದರೂ ನೀರು ಹೆಚ್ಚಾದರೆ ನಡುವೆ ಉಬ್ಬುತ್ತದೆ, ಒಂದು ಹಾಳೆ ಒಣಗುವವರೆಗೆ ಮುಂದಿನದು ಸಿಗುವುದಿಲ್ಲ. ಕಲಿಯುವವರಿಗೆ 56 x 76 ಸೆಂಟಿಮೀಟರಿನ ಬಿಡಿಹಾಳೆಯೇ ಲಾಭ. ಅಗಲವನ್ನು ಎರಡಾಗಿ, ಉದ್ದವನ್ನು ನಾಲ್ಕಾಗಿ ಮಾಡಿದರೆ 28 x 19ರ ಎಂಟು ತುಂಡು ಸಿಗುತ್ತವೆ, ಅಭ್ಯಾಸಕ್ಕೆ ಅದು ಹೇಳಿ ಮಾಡಿಸಿದ ಅಳತೆ. ಹಿಂಬದಿಯ ಮೈ ತುಸು ಬೇರೆ, ಆದರೆ ಅದರ ಮೇಲೂ ಬರೆಯಬಹುದು. ಬಣ್ಣ ಬೆರೆಸಿ ನೋಡಲು, ಕತ್ತರಿಸುವ ನಮೂನೆ ತಯಾರಿಸಲು ಮಾತ್ರ ಈ ಹಾಳೆಯನ್ನು ಬಳಸಬೇಡಿ, ಮರದ ತಿರುಳಿನ ಅಗ್ಗದ ಕಾಗದ ಇರುವುದೇ ಅದಕ್ಕೆ. ಬಣ್ಣದ ವಿಷಯದಲ್ಲಿ ಒಂದು ಎಚ್ಚರ: ನ್ಯಾಚುರಲ್ ವೈಟ್ ಹಾಳೆ ಸ್ವಲ್ಪ ಕೆನೆಬಣ್ಣದ್ದು, ಪಕ್ಕದಲ್ಲಿ ಅಚ್ಚಬಿಳಿ ಕಾಗದದ ಕರಕುಶಲ ಇಟ್ಟರೆ ಹಳದಿಯಾಗಿ ಕಾಣುತ್ತದೆ. ಹಾಗೆ ಬೆರೆಸುವುದಾದರೆ ಬ್ರೈಟ್ ವೈಟ್ ಕೇಳಿ ಪಡೆಯಿರಿ.

ಕೊಂಡ ಮೇಲೆ ತೇವದಿಂದ ಕಾಪಾಡಬೇಕು. ತೇವದ ಜಾಗದಲ್ಲಿ ಬಹುಕಾಲ ಇಟ್ಟ ಹಾಳೆಯ ಜೆಲಟಿನ್ ಅಲ್ಲಲ್ಲಿ ಕೆಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಹಚ್ಚಿದಾಗ ಮಾತ್ರ ಚುಕ್ಕೆಚುಕ್ಕೆಯಾಗಿ ಒಳಗಿಳಿದು ಗಾಢವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಲಗಿಸಿಡಿ, ಬೆರಳ ಜಿಡ್ಡು ತಾಗದಂತೆ ಅಂಚಿನಲ್ಲೇ ಹಿಡಿಯಿರಿ. ಹಳೆಯ ಹಾಳೆಯ ಬಗ್ಗೆ ಅನುಮಾನವಿದ್ದರೆ ಮೂಲೆಯಲ್ಲೊಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಚಿತ್ರ ಬರೆಯಿರಿ. ಒಡನೆ ಇಂಗಿದರೆ ಜಲವರ್ಣದ ಮಟ್ಟಿಗೆ ಅದರ ಕಾಲ ಮುಗಿಯಿತು, ಆದರೆ ಎಸೆಯಬೇಕಿಲ್ಲ. ತೆಳುವಾದ ಮೀಥೈಲ್ ಸೆಲ್ಯುಲೋಸ್ ಅಂಟನ್ನು ಎರಡೂ ಬದಿಗೆ ಸವರಿ ಒಣಗಿಸಿ ಎಸಳಿಗೆ, ರೆಕ್ಕೆಗೆ ಬಳಸಬಹುದು. ಬಣ್ಣ ಬೇಕಿದ್ದರೆ ಅದರ ಮೇಲೆ ಪೇಸ್ಟಲ್ ಚೆನ್ನಾಗಿಯೇ ಹಿಡಿಯುತ್ತದೆ.