ಮಾರುವ ತಂತ್ರಾಂಶಕ್ಕೆ ಎಂಐಟಿಯೋ, ಜಿಪಿಎಲ್ಲೋ, ಎಜಿಪಿಎಲ್ಲೋ?

ಈ ಮೂರು ಮುಕ್ತ ತಂತ್ರಾಂಶ ಪರವಾನಗಿಗಳಲ್ಲಿ ಯಾವುದೂ ತಂತ್ರಾಂಶವನ್ನು ಬೆಲೆಗೆ ಮಾರುವುದನ್ನು ತಡೆಯುವುದಿಲ್ಲ; ವ್ಯತ್ಯಾಸವಿರುವುದು ಸೋರ್ಸ್ ಕೋಡನ್ನು (ತಂತ್ರಾಂಶವನ್ನು ಬರೆದ ಮೂಲ ರೂಪವನ್ನು) ಯಾರಿಗೆ, ಯಾವಾಗ ಕೊಡಬೇಕು ಎಂಬುದರಲ್ಲಿ.

ಹೊರೆಯ ದೃಷ್ಟಿಯಿಂದ ಎಂಐಟಿ ಹಗುರ. ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಜೊತೆಗಿಟ್ಟರೆ ಸಾಕು. ಆದರೆ ನೀವು ಬರೆದದ್ದನ್ನು ಪ್ರತಿಸ್ಪರ್ಧಿಯೂ ಹಾಗೆಯೇ ಮುಚ್ಚಿಟ್ಟು ಮಾರಬಹುದು.

ಜಿಪಿಎಲ್ ಬಗ್ಗೆ ತಪ್ಪು ತಿಳಿವಳಿಕೆಯೇ ಹೆಚ್ಚು. ಕೋಡನ್ನು ಜಗತ್ತಿಗೆಲ್ಲ ಪ್ರಕಟಿಸಬೇಕೆಂದು ಅದು ಹೇಳುವುದಿಲ್ಲ. ಪ್ರೋಗ್ರಾಮ್ ಪಡೆದವರಿಗೆ ಕೊಟ್ಟರಾಯಿತು. ಆದರೆ 1991ರ ಎರಡನೆಯ ಆವೃತ್ತಿಯಡಿ ಇರುವ ತಂತ್ರಾಂಶವನ್ನು ಒಳಗಿಟ್ಟು ರೂಟರ್ ಮಾರುವ ಕಂಪನಿಯೊಂದು, ಕೋಡನ್ನು ಜೊತೆಯಲ್ಲೇ ಕೊಡದೆ ಪೆಟ್ಟಿಗೆಯೊಳಗೆ ಕೇಳಿದರೆ ಕೊಡುತ್ತೇವೆಂಬ ಲಿಖಿತ ಭರವಸೆಯ ಹಾಳೆಯನ್ನಷ್ಟೇ ಇಟ್ಟರೆ, ಕನಿಷ್ಠ 3 ವರ್ಷಗಳ ಕಾಲ ಯಾರೇ ಕೇಳಿದರೂ ಪ್ರತಿ ಮಾಡಿ ಕಳುಹಿಸುವ ವೆಚ್ಚವನ್ನು ಮಾತ್ರ ಪಡೆದು ಕೊಡಬೇಕಾಗುತ್ತದೆ. ಕೋಡನ್ನು ಮೊದಲೇ ಕೊಟ್ಟುಬಿಡುವುದು ಜಾಣತನವೆಂದು ನನ್ನ ಅಭಿಪ್ರಾಯ. 2007ರ ಮೂರನೆಯ ಆವೃತ್ತಿಯಾದರೆ, ಗ್ರಾಹಕರು ತಾವು ಬದಲಿಸಿದ ಕೋಡನ್ನು ಅದೇ ಸಾಧನದಲ್ಲಿ ಅಳವಡಿಸಲು ಬೇಕಾದ ಮಾಹಿತಿಯನ್ನೂ ಕೊಡಬೇಕೆಂದು ಸಾಮಾನ್ಯವಾಗಿ ಕೇಳುತ್ತದೆ. ಕೊಂಡವರು ತಂತ್ರಾಂಶವನ್ನು ಉಚಿತವಾಗಿ ಹಂಚಬಹುದಾದ್ದರಿಂದ, ಸಾಧನ ಅಥವಾ ಬೆಂಬಲ ಸೇವೆಯಿಂದ ಗಳಿಸುವವರಿಗೆ ಜಿಪಿಎಲ್ ಹೊಂದುತ್ತದೆ. ಪ್ರತಿಗಳ ಮಾರಾಟವನ್ನೇ ನಂಬಿದವರಿಗೆ ಕಷ್ಟ.

ಸರ್ವರಿನಲ್ಲೇ ಓಡುವ ತಂತ್ರಾಂಶದ ಪ್ರತಿ ಬಳಕೆದಾರರ ಕೈಸೇರುವುದಿಲ್ಲವಾದ್ದರಿಂದ ಜಿಪಿಎಲ್‌ನ ಷರತ್ತು ಅಲ್ಲಿ ಅನ್ವಯಿಸುವುದಿಲ್ಲ. ಎಜಿಪಿಎಲ್ ಈ ಕಂಡಿಯನ್ನು ಮುಚ್ಚುತ್ತದೆ: ಬದಲಿಸಿ ಓಡಿಸುವವರು ಜಾಲದ ಮೂಲಕ ಬಳಸುವವರಿಗೂ ಕೋಡ್ ಒದಗಿಸಬೇಕು. ನಿಮ್ಮ ಕೋಡನ್ನು ದೊಡ್ಡ ಕ್ಲೌಡ್ ಕಂಪನಿಗಳು ಬದಲಿಸಿ ಮುಚ್ಚಿಡಬಾರದೆಂದಿದ್ದರೆ ಇದು ಸೂಕ್ತ. ಹಕ್ಕುಸ್ವಾಮ್ಯ ಪೂರ್ತಿ ನಿಮ್ಮದೇ ಆಗಿದ್ದರೆ, ಷರತ್ತು ಬೇಡವೆನ್ನುವ ಗ್ರಾಹಕರಿಗೆ ಬೇರೆ ಪರವಾನಗಿಯನ್ನೂ ಮಾರಬಹುದು.