ಕರೆಂಟ್ ರೇಟ್ ಲೆಕ್ಕದ ಆನ್‌ಲೈನ್ ಕ್ಲಾಸ್ – 5ಕ್ಕೆ ಮೂರೂವರೆ

ವಿದ್ಯುತ್ ದರ ಹೇಗೆ ಫಿಕ್ಸ್ ಆಗುತ್ತೆ ಅಂತ ಎರಡು ದಿನದ ಕ್ಲಾಸಿಗೆ ದುಡ್ಡು ಕಟ್ಟಿ ಕೂತೆ, ಹೆಸರು ಬೇಡ ಬಿಡಿ. ಮೊದಲ ದಿನ ಬರೀ ಪೀಠಿಕೆ, ಆಡಿಯೋ ಬೇರೆ ಕಟ್ ಆಗ್ತಿತ್ತು, ನಿದ್ದೆನೇ ಬಂತು. ಎರಡನೇ ದಿನ ಮಾತ್ರ ಪೈಸಾ ವಸೂಲ್.

ಸವಕಳಿ, ಅಂದ್ರೆ ಆಸ್ತಿ ಹಳೇದಾದಂಗೆ ಬೆಲೆ ಇಳಿಯೋದರ ಪಾಠ ಸಖತ್ತಾಗಿತ್ತು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2019ರ ನಿಯಮದಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ವರ್ಷಕ್ಕೆ 5.28%, ಅಂದ್ರೆ 1 ಕೋಟಿದಕ್ಕೆ 5.28 ಲಕ್ಷ ನಮ್ಮ ಬಿಲ್ಲಿಂದ್ಲೇ ಕಂಪನಿಗೆ ವಾಪಸ್ ಹೋಗ್ತಿತ್ತು, ಅದೂ 90% ತನಕ ಅಷ್ಟೇ, ಉಳಿದ 10% ಗುಜರಿ ಬೆಲೆ ಅಂತ ಬಿಡ್ತಿದ್ರು. ಸ್ವಂತ ಜಮೀನಿಗೆ ಸವಕಳಿನೇ ಇಲ್ಲ, ಮಣ್ಣು ಸವೆಯುತ್ತಾ ಹೇಳಿ!

ಆಮೇಲೆ ಅಮೆರಿಕದ ಹೋಪ್ ಅನ್ನೋ ಗ್ಯಾಸ್ ಕಂಪನಿಯ ದರದ ಕೇಸು. ಕಂಪನಿಯವ್ರು ನಮ್ಮ ಆಸ್ತಿನ ಇವತ್ತು ಹೊಸದಾಗಿ ಕಟ್ಟೋಕೆ 9.7 ಕೋಟಿ ಡಾಲರ್ ಬೇಕು ಅಂತ ತೋರಿಸಿ, 6.6 ಕೋಟಿ ಮೇಲೆ ಲಾಭ ಕೊಡಿ ಅಂದ್ರಂತೆ, ಅಲ್ಲಿನ ಆಯೋಗ ನೀವು ನಿಜವಾಗ್ಲೂ ಹಾಕಿದ ದುಡ್ಡು ನೋಡ್ತೀವಿ ಅಂತ ಸವಕಳಿ ಕಳೆದು ಸುಮಾರು 3.37 ಕೋಟಿಗೆ ಇಳಿಸ್ತು, 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಸರಿ ಅಂತು. ಹಳೇ ಸ್ಕೂಟರ್‌ಗೆ ಹೊಸದರ ರೇಟ್ ಕೇಳ್ದಂಗೆ ಅಲ್ವಾ ಅಂತ ಒಬ್ರು ಚಾಟಲ್ಲಿ ಹಾಕಿದ್ರು, ಮೇಷ್ಟ್ರಿಗೂ ನಗು. ನೋಟ್ಸ್ ಇನ್ನೂ ಕಳಿಸಿಲ್ಲ, ಅದಕ್ಕೇ ಮಾರ್ಕ್ಸ್ ಕಟ್.